ತುಂಬಿಯೇ ಉಳಿದ ಬಟ್ಟಲು

೨ ಡಿಸೆಂಬರ್ ೧೯೮೩, ಬಯಲಿನಿಂದ

ಎದೇನೆ,

ಈ ಪತ್ರ ತರುವ ಮುದುಕನಿಗೆ ಚಹಾ ಕೊಟ್ಟು ಕಳಿಸು. ಅವನು ಹೇಳುವ ಸುದ್ದಿಯನ್ನೆಲ್ಲ ನಂಬಬೇಡ, ನಾನು ಬರೆದದ್ದನ್ನು ಮಾತ್ರ ನಂಬು.

ಇಲ್ನೆಯ ಅಪ್ಪ ಮನೆಗೆ ಬಂದಿಲ್ಲ. ತಪ್ಪಿಸಿಕೊಂಡ ಹಿಮಸಾರಂಗಗಳನ್ನು ಹುಡುಕಿಕೊಂಡು ಹೋದ, ಹಿಂದೆಯೇ ಹಿಮಗಾಳಿ ಎದ್ದಿತು. ಗಾಳಿ ನಿಂತ ಮೇಲೆ ಬಂಡಿ ಎಳೆಯುವ ಸಾರಂಗಗಳಲ್ಲಿ ಮುಂದಾಳು, ಆ ಬಿಳಿ ಹಣೆಯದು, ಒಂದೇ ವಾಪಸು ಬಂತು. ಕೊರಳ ಪಟ್ಟಿ ಹರಿದಿತ್ತು. ಪಕ್ಕದ ಗುಡಾರಗಳ ಗಂಡಸರೆಲ್ಲ ಹುಡುಕಿದರು. ಮಗುಚಿಬಿದ್ದ ಹಿಮಬಂಡಿ ಸಿಕ್ಕಿತು, ಎಳೆದು ತಂದರು. ಕುಣಿಕೆ ಹಗ್ಗ ಸಿಕ್ಕಿತು. ಅವನು ಸಿಗಲಿಲ್ಲ.

ಅತ್ತೆ ಆಗಲೇ ಮರದ ಚಕ್ಕೆ ಹುಡುಕುತ್ತಿದ್ದಾರೆ. ಅವನ ಗೊಂಬೆ ಮಾಡು ಎಂದು ನನ್ನ ಜೀವ ತಿನ್ನುತ್ತಾರೆ. ಮಾವ ಹೋದಾಗ ಅವರು ಮಾಡಿದ್ದನ್ನು ನೀನೂ ನೋಡಿದ್ದೀಯ. ಊಟಕ್ಕೆ ಕೂತಾಗ ಅದಕ್ಕೂ ಬಡಿಸಿ, ಮಲಗುವಾಗ ಅದನ್ನೂ ಹೊದಿಸಿ, ಗಂಡನನ್ನು ನೋಡಿಕೊಂಡ ಹಾಗೇ ನೋಡಿಕೊಂಡರು.

“ಸತ್ತವನಿಗೆ ಹಸಿವಿರಲ್ವೇನೇ? ಗೊಂಬೆ ಇಲ್ದಿದ್ರೆ ನನ್ನ ಮಗ ಎಲ್ಲಿ ಕೂತು ಉಣ್ಬೇಕು?”

“ಸತ್ತಿದಾನೆ ಅಂತ ನಿಮಗ್ಯಾರು ಹೇಳಿದ್ರು?”

“ಬದುಕಿದಾನೆ ಅಂತ ನಿನಗ್ಯಾರು ಹೇಳಿದ್ರು?”

ಯಾರೂ ಹೇಳಿಲ್ಲ. ಆದರೂ ಗೊಂಬೆ ಮಾಡಿದರೆ ನನ್ನ ಕೈಯಾರೆ ಅವನನ್ನು ಸತ್ತವರ ಸಾಲಿಗೆ ಸೇರಿಸಿದ ಹಾಗೆ. ಬದುಕಿರುವವನ ಗೊಂಬೆಗೆ ಉಣಿಸಿದರೆ ಜೀವ ಆ ಗೊಂಬೆಯತ್ತಲೇ ಹೊರಟುಬಿಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅದಕ್ಕೇ ನನಗೆ ಹೆದರಿಕೆ.

ಅತ್ತೆ ಯಾವ ಕೆಟಲಿಗೆ ತೂತು ಹೊಡೆಯಬೇಕು ಎಂದೂ ಯೋಚಿಸಿಟ್ಟಿದ್ದಾರೆ. “ನಿಮ್ಮಾವನ್ನ ಹಾಸಿಗೆ ಪಕ್ಕದ ಗುಡಾರದ ಚರ್ಮ ಎತ್ತಿ ಹೊರಗೆ ಒಯ್ದ್ವಿ, ಬಾಗ್ಲಿಂದ ಅಲ್ಲ. ಕೆಟಲಿಗೆ ತೂತು ಹೊಡೆದ್ವಿ, ಬಂಡಿ ಮುರಿದ್ವಿ. ಇಲ್ಲಿ ಮುರಿದದ್ದು ಅಲ್ಲಿ ಇಡಿಯಾಗಿರುತ್ತೆ. ಇಲ್ಲಿ ಇಡಿ ಇರೋದು ಸತ್ತವರ ಲೋಕದಲ್ಲಿ ಯಾವ ಕೆಲ್ಸಕ್ಕೂ ಬರಲ್ಲ. ನನ್ನ ಮಗನಿಗೂ ಎಲ್ಲಾ ಕ್ರಮವಾಗಿ ಆಗ್ಬೇಕು.” ಇರುವುದೊಂದು ಕೆಟಲು, ಅದರ ಮೇಲೂ ಕಣ್ಣು.

ನಿನ್ನ ಆಸ್ಪತ್ರೆಗೆ ಎಲ್ಲ ಕಡೆಯಿಂದ ಜನ ಬರುತ್ತಾರೆ. ಕಿವಿ ತೆರೆದಿಟ್ಟುಕೊ. ಅವನು ಎಲ್ಲೋ ಇದ್ದಾನೆ ಎಂಬ ಒಂದು ಮಾತು ಬಂದರೆ ಸಾಕು, ಅತ್ತೆ ಎಷ್ಟು ಕೂಗಾಡಿದರೂ ನಾನು ಕಾಯುತ್ತೇನೆ.

ನಿನ್ನ ಅಕ್ಕ
ಹಾದ್ನೆ


೧೯ ಡಿಸೆಂಬರ್ ೧೯೮೩, ಪಟ್ಟಣದಿಂದ

ಅಕ್ಕಾ,

ಮುದುಕ ಹೊಟ್ಟೆ ತುಂಬ ಚಹಾ ಕುಡಿದ, ಉಳಿದ ಸಕ್ಕರೆಯನ್ನು ಜೇಬಿಗೂ ಹಾಕಿಕೊಂಡ.

ಭಾವನ ಬಗ್ಗೆ ನಾನು ಬರೆಯಬಹುದಾದ ಸುದ್ದಿ ಏನೂ ಇಲ್ಲ. ಆದರೆ ಗೊಂಬೆ ಮಾಡಬೇಡ. ಯಾಕೆ ಎಂದು ಕೇಳಬೇಡ. ಅತ್ತೆ ಬೈದರೂ ಮಾಡಬೇಡ. ಭಾವನ ಹಾಸಿಗೆಯನ್ನು ಸುತ್ತಿಡಬೇಡ.

ಒಂದು ಮಾತು ಕೇಳುತ್ತೇನೆ. ಬಂಡಿ ಹೊಡೆಯಲಾರದ, ಹಗ್ಗ ಬೀಸಲಾರದ ಗಂಡಸೊಬ್ಬ ಗುಡಾರದಲ್ಲಿದ್ದರೆ ಅವನ ಹೆಂಡತಿಗೆ ಏನನ್ನಿಸುತ್ತದೆ? ವಾರ್ಡಿನಲ್ಲಿ ಅಂಥವರನ್ನು ನೋಡುತ್ತೇನೆ, ಅದಕ್ಕೆ ಕೇಳಿದೆ. ತಪ್ಪದೆ ಉತ್ತರ ಬರಿ.

ಸೂಜಿಗಳನ್ನು ಕಳಿಸಿದ್ದೇನೆ. ಇಲ್ನೆಯ ಅಂಗಿಗೆ ಅಂಚು ಕಟ್ಟಲು ಕೆಂಪು ಬಟ್ಟೆಯೂ ಇದೆ.

ಎದೇನೆ


೧೯ ಡಿಸೆಂಬರ್ ೧೯೮೩ (ಕಳಿಸಲಿಲ್ಲ)

ಅಕ್ಕಾ,

ಈ ಪತ್ರವನ್ನು ನಿನಗೆ ಕಳಿಸುವಂತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಭಾವ ಬದುಕಿದ್ದಾರೆ. ನಾನು ಕೆಲಸ ಮಾಡುವ ವಾರ್ಡಿನಲ್ಲೇ, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಾರೆ. ಎಣ್ಣೆ ಹುಡುಕಿ ನೆಲ ಕೊರೆಯುವವರ ಟ್ರ್ಯಾಕ್ಟರು ಹಿಮದಲ್ಲಿ ಬಿದ್ದಿದ್ದವರನ್ನು ಎತ್ತಿ ತಂದು ಹಾಕಿತು. ಹೆಸರು ಕೇಳಿದರೆ ಹೇಳಲಿಲ್ಲ. ನಾನು ಗಾಯ ತೊಳೆಯಲು ಹೋದಾಗ ಮುಖ ನೋಡಿದೆ. ಪಾದಗಳೆರಡೂ ಕಪ್ಪಾಗಿದ್ದವು. ಎರಡನ್ನೂ ತೆಗೆದರು, ಅಕ್ಕಾ.

ಎಚ್ಚರವಾದಾಗ, “ನನ್ನ ಕಾಲು ಎಲ್ಲಿಟ್ರಿ?” ಎಂದು ಕೇಳಿದರು. ನಾನು ಹೊದಿಕೆ ಎಳೆದು ಮುಚ್ಚಿದೆ. “ಬಿಡು, ನನಗಿಂತ ಮುಂಚೆ ಹೋಗಿ ಅಲ್ಲಿ ಕಾಯ್ತಿರ್ತವೆ,” ಎಂದು ನಕ್ಕರು. ಆಮೇಲೆ ಬೆಲ್ಟಿಗೆ ಕಟ್ಟಿದ್ದ ಕರಡಿಹಲ್ಲಿನ ಮೇಲೆ ನನ್ನ ಕೈ ಒತ್ತಿ ಹಿಡಿದು, ನಿನಗೆ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡರು. ಆ ಆಣೆ ಮುರಿದವರನ್ನು ಕರಡಿ ಬಿಡುವುದಿಲ್ಲ, ನಿನಗೂ ಗೊತ್ತು.

“ಸಾರಂಗ ಕಾಯೋನಿಗೆ ಕಾಲಿಲ್ಲ ಅಂದ್ರೆ ಅವನು ಬಂಡಿ ಮೇಲಿನ ಹೊರೆ ಕಣಮ್ಮ. ನಿಮ್ಮಕ್ಕ ಇನ್ನೂ ಚಿಕ್ಕವಳು. ಹಿಮದಲ್ಲಿ ಸತ್ತ ಅಂದ್ಕೊಂಡ್ರೆ ಅಳ್ತಾಳೆ, ಆಮೇಲೆ ಎದ್ದು ಕೆಲ್ಸ ನೋಡ್ತಾಳೆ. ನಾನು ಹೋದ್ರೆ ಬದುಕಿಡೀ ಎಳೀಬೇಕು.”

“ಹಾಗಂತ ಅಕ್ಕನ್ನ ಕೇಳಿದ್ರಾ ಭಾವ?”

“ಕೇಳಿದ್ರೆ ಬಾ ಅಂತಾಳೆ. ಅದಕ್ಕೇ ಕೇಳಲ್ಲ.”

ಅವರ ಮನಸ್ಸು ತಿರುಗುವವರೆಗೆ ನೀನು ಗೊಂಬೆ ಮಾಡದಿದ್ದರೆ ಸಾಕು.

ಎದೇನೆ


೧೪ ಜನವರಿ ೧೯೮೪, ಬಯಲಿನಿಂದ

ಪಟ್ಟಣದ ದೊಡ್ಡ ಮನುಷ್ಯಳಿಗೆ,

ಸೂಜಿ ಬಂತು, ಕೆಂಪು ಬಟ್ಟೆ ಬಂತು, ನಿನ್ನ ಬುದ್ಧಿವಾದವೂ ಬಂತು. ಗೊಂಬೆ ಮಾಡಬೇಡ, ಯಾಕೆ ಎಂದು ಕೇಳಬೇಡ! ಯಾಕೆಂದು ನನಗೆ ಗೊತ್ತು. ಬಿಳಿ ಕೋಟು ಹಾಕಿದವಳ ಅಕ್ಕ ಮರದ ಚಕ್ಕೆಗೆ ಚಹಾ ಕುಡಿಸುತ್ತಾಳೆ ಎಂದರೆ ನಿನಗೆ ನಾಲ್ಕು ಜನರ ಮುಂದೆ ನಾಚಿಕೆ. ಎರಡಕ್ಷರ ಹೆಚ್ಚು ಕಲಿತರೆ ಹುಟ್ಟಿದ ಗುಡಾರದ ಹೊಗೆಯೂ ನಾರುತ್ತದೆ.

ಅದರ ಮೇಲೆ ಕೈಲಾಗದ ಗಂಡಸರ ಪ್ರಶ್ನೆ ಬೇರೆ. ನನ್ನ ಗಂಡ ಕಾಣೆಯಾಗಿ ಕೂತಿರುವಾಗ ಊರವರ ಗಂಡಂದಿರ ಚಿಂತೆ ನನಗೇಕೆ? ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಅತ್ತೆ ಊಟ ಬಿಟ್ಟರು. “ನನ್ನ ಮಗ ಹಸ್ಕೊಂಡು ಹೊರಗೆ ನಿಂತಿದಾನೆ, ನಾನು ಹೆಂಗೆ ಉಣ್ಲಿ?” ಎಂದು ತುಟಿ ಬಿಗಿದು ಮಲಗಿಬಿಟ್ಟರು. ಮುದುಕಿಯೂ ಸತ್ತರೆ ಆ ಪಾಪವನ್ನು ಎಲ್ಲಿ ತೊಳೆಯಲಿ? ಅವನಿದ್ದಾನೆ ಎಂಬ ಒಂದು ಮಾತು ಬೇಕು ಎಂದಿದ್ದೆ. ಸುದ್ದಿ ಇಲ್ಲ ಎಂದು ನೀನೇ ಬರೆದೆ. ಸರಿ, ಮಾಡಿದೆ.

ಈ ಚಳಿಗಾಲದಲ್ಲಿ ಸೂರ್ಯ ಮೊದಲ ಸಲ ಮುಖ ತೋರಿಸಿದ ದಿನ ಮಾಡಿದೆ. ಅವನ ಬಂಡಿಯಿಂದಲೇ ಒಂದು ಚಕ್ಕೆ ಸೀಳಿ ಮುಖ ಕೆತ್ತಿದೆ. ತುಪ್ಪಳದಂಗಿ, ಪುಟ್ಟ ಬೂಟು ಹೊಲಿದೆ. ಬೂಟಿಗೆ ನಿನ್ನ ಕೆಂಪು ಬಟ್ಟೆಯ ಎರಡು ಪಟ್ಟಿ ಇಟ್ಟೆ. ಎಲ್ಲರೂ ಒಂದು ಇಡುತ್ತಾರೆ, ಇವನಿಗೆ ಎರಡಿರಲಿ ಅನ್ನಿಸಿತು. ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆದು, ಉಪ್ಪು ಹಚ್ಚಿ ಬಾಯಿಗೆ ತಾಗಿಸಿದೆ. ಚಹಾ ತಾಗಿಸಿದೆ. ಅವನ ಜಾಗದಲ್ಲಿ ಮಲಗಿಸಿ ಹೊದಿಸಿದೆ. ಅತ್ತೆ ಎದ್ದು ಉಂಡರು.

ನಾನೇ ಅವನನ್ನು ಸಾಯಿಸಿದೆ ಎದೇನೆ, ಸೂಜಿ ದಾರದಿಂದ. ನಿನಗೆ ಸಂತೋಷವಾಗಲಿಕ್ಕಿಲ್ಲ. ನನಗೂ ಆಗಿಲ್ಲ.

ಹಾದ್ನೆ


೨೦ ಜನವರಿ ೧೯೮೪, ಪಟ್ಟಣದಿಂದ

ಅಕ್ಕಾ,

ನೀನು ಗೊಂಬೆ ಮಾಡಿದೆಯಾ? ನಿಜ ಹೇಳು.

ಆಣೆ ಮುರಿಯುತ್ತಿದ್ದೇನೆ, ಕರಡಿ ಬಂದರೆ ಬರಲಿ. ಭಾವ ಇಲ್ಲಿದ್ದಾರೆ, ಬದುಕಿದ್ದಾರೆ. ಹಿಂದೆ ಬರೆದು ಕಳಿಸದೆ ಇಟ್ಟುಕೊಂಡಿದ್ದ ಪತ್ರವನ್ನೂ ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು.

ಸೂರ್ಯ ಮುಖ ತೋರಿಸಿದ ದಿನದಿಂದ ಅವರು ಇಲ್ಲಿಯ ಒಂದು ತುತ್ತನ್ನೂ ಮುಟ್ಟಿಲ್ಲ. ಗಂಜಿ ತಂದರೆ ತಟ್ಟೆ ಸರಿಸುತ್ತಾರೆ. “ಮನೇಲಿ ಉಂಡು ಬಂದೆ,” ಎನ್ನುತ್ತಾರೆ. ಏನು ಉಂಡಿರಿ ಎಂದರೆ, “ಮೀನು. ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು, ಆದ್ರೂ ಚೆನ್ನಾಗಿತ್ತು,” ಎಂದರು. ಬಗ್ಗಿ ಹೊದಿಕೆ ಸರಿಮಾಡುವಾಗ ಅವರ ಬಾಯಿಂದ ಹಸಿ ಮೀನಿನ ವಾಸನೆ ಬಂತು. ಈ ಆಸ್ಪತ್ರೆಯ ಅಡುಗೆಮನೆಗೆ ಹಸಿ ಮೀನು ಬರುವುದೇ ಇಲ್ಲ.

ನಿನ್ನೆ, “ಕಾಲು ಬೆಚ್ಚಗಾಯ್ತು,” ಎಂದರು. “ನಿಮ್ಮಕ್ಕ ಹೊಸ ಬೂಟು ತೊಡಿಸಿದಾಳೆ. ಪಟ್ಟಿ ಎರಡಿಟ್ಟಿದಾಳೆ ನೋಡು, ಕೆಂಪು.” ಹೊದಿಕೆಯಡಿ ಕಾಲಿರಬೇಕಾದ ಕಡೆಯನ್ನೇ ನೋಡುತ್ತಿದ್ದರು. ಅಲ್ಲಿ ಹೊದಿಕೆ ನೆಲದ ಹಾಗೆ ಸಪಾಟಾಗಿದೆ. ಡಾಕ್ಟರನ್ನು ಕೇಳಿದೆ. ಕಾಲು ಕಳೆದುಕೊಂಡವರಿಗೆಲ್ಲ ಹಾಗೆ ಅನ್ನಿಸುತ್ತದೆ, ನರಗಳ ಆಟ ಎಂದರು. ಬೂಟಿನ ಬಣ್ಣವೂ ನರಗಳಿಗೆ ಕಾಣುತ್ತದೆಯೇ ಎಂದು ಕೇಳಲು ಧೈರ್ಯವಾಗಲಿಲ್ಲ.

ಗೊಂಬೆ ಮಾಡಿದ್ದರೆ ಉಣಿಸುವುದನ್ನು ನಿಲ್ಲಿಸು. ಬಂಡಿ ಕಟ್ಟಿಕೊಂಡು ಇಲ್ಲಿಗೆ ಬಾ. ನಿನ್ನನ್ನು ನೋಡಿದರೆ ಅವರು ಇಲ್ಲೇ ಉಳಿಯುತ್ತಾರೆ.

ಹೆಲಿಕಾಪ್ಟರ್ ಹಾರುತ್ತಿಲ್ಲ, ಗಾಳಿ ನಿಲ್ಲಲಿ ಎನ್ನುತ್ತಾರೆ. ಪತ್ರವನ್ನು ಟಪಾಲು ಚೀಲಕ್ಕೆ ಹಾಕಿದ್ದೇನೆ. ದಿನಾ ಹೋಗಿ ನೋಡುತ್ತೇನೆ, ಚೀಲ ಅಲ್ಲೇ ಇರುತ್ತದೆ.

ಎದೇನೆ


೨೭ ಜನವರಿ ೧೯೮೪, ಪಟ್ಟಣದಿಂದ

ಅಕ್ಕಾ,

ಭಾವ ಇವತ್ತು ಬೆಳಿಗ್ಗೆ ಹೋದರು. ಸಂಕಟಪಡಲಿಲ್ಲ. “ಅವಳು ಹಿಟ್ಟು ಕಲಸ್ತಿರ್ತಾಳೆ, ಹೊತ್ತಾಯ್ತು,” ಎಂದು ಏಳಲು ಹೋದರು. ಹಿಡಿದು ಮಲಗಿಸಿದೆ. ಅಷ್ಟೇ.

ಮಧ್ಯಾಹ್ನ ಬಂಡಿಯವನೊಬ್ಬನಿಂದ ನಿನ್ನ ಪತ್ರ ಕೈಗೆ ಬಂತು. ಎರಡು ಪಟ್ಟಿ, ಕೆಂಪು. ನಾನೇ ಕಳಿಸಿದ ಬಟ್ಟೆ.

ನೀನು ಅವರನ್ನು ಸಾಯಿಸಲಿಲ್ಲ, ಅಕ್ಕಾ. ನನ್ನ ಬಾಯಿ ಕಟ್ಟಿತ್ತು, ನಿನ್ನ ಕೋಪಕ್ಕೆ ಕಣ್ಣು ಕಾಣಲಿಲ್ಲ. ಇಬ್ಬರೂ ಅಳೋಣ.

ಅವರನ್ನು ಇಲ್ಲಿ ನೆಲ ಅಗೆದು ಹೂಳಲು ನಾನು ಬಿಡುವುದಿಲ್ಲ. ತಣ್ಣನೆಯ ಕೊಠಡಿಯಲ್ಲಿ ಇರಿಸಿದ್ದೇನೆ. ಬಯಲಿಗೆ ಹೋಗುವ ಮೊದಲ ಹೆಲಿಕಾಪ್ಟರಿನಲ್ಲಿ ಕರೆದುಕೊಂಡು ಬರುತ್ತೇನೆ.

ಎದೇನೆ


೩ ಫೆಬ್ರವರಿ ೧೯೮೪, ಬಯಲಿನಿಂದ

ಎದೇನೆ, ನನ್ನ ಬಂಗಾರ,

ಬಂದ ಕಣೇ! ಇಲ್ನೆಯ ಅಪ್ಪ ಬಂದ!

ದೊಡ್ಡ ಹಿಮಗಾಳಿ ನಿಂತ ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಅವನ ಹಾಸಿಗೆ ಪಕ್ಕದ ಚರ್ಮ ಮೇಲೆದ್ದಿತು, ಅಲ್ಲಿಂದ ಬಗ್ಗಿಕೊಂಡು ಒಳಗೆ ಬಂದ. “ಬಾಗ್ಲು ಎಲ್ಲಿದೆ ಅನ್ನೋದೂ ಮರ್ತುಹೋಯ್ತಾ ನಿನಗೆ?” ಎಂದು ಹಿಟ್ಟಿನ ಕೈಯಲ್ಲೇ ಹೊಡೆದೆ, ಅಳುತ್ತಲೇ ಬೈದೆ. ಬೈಯಲು ಎಷ್ಟೊಂದು ಉಳಿಸಿಟ್ಟುಕೊಂಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಅವನು ಹೋಗಿ ತನ್ನ ಜಾಗದಲ್ಲಿ ಕೂತ. ನಾಯಿಗಳೂ ಬೊಗಳಲಿಲ್ಲ, ಮೂತಿಯನ್ನು ಬಾಲದಡಿ ಹುದುಗಿಸಿಕೊಂಡು ಬಿದ್ದಿದ್ದವು. ಯಜಮಾನನ ವಾಸನೆ ಗೊತ್ತಾಗಿರಬೇಕು.

ಎಷ್ಟು ದೂರದಿಂದಲೋ ನಡೆದೇ ಬಂದಿದ್ದಾನೆ. ಕಾಲಲ್ಲಿ ಹೊಸ ಬೂಟು, ಕೆಂಪು ಪಟ್ಟಿ ಎರಡು. “ಯಾರು ಹೊಲಿದು ಕೊಟ್ರು?” ಎಂದರೆ, “ನೀನೇ,” ಎಂದ. ತಮಾಷೆ ಮಾತ್ರ ಬಿಟ್ಟಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದರೆ, “ಎದೇನೆ ಬರೀತಾಳೆ,” ಎನ್ನುತ್ತಾನೆ. ನೀನೇನು ಬರೆಯುತ್ತೀಯ? ನಿನ್ನಿಂದ ಒಂದು ಪತ್ರವೂ ಬಂದಿಲ್ಲ.

ಗೊಂಬೆ ಅದರ ಜಾಗದಲ್ಲಿ ಇಲ್ಲ. ಬದುಕಿರುವ ಮಗನಿಗೆ ಮಾಡಿಸಿದೆನಲ್ಲ ಎಂದು ಅತ್ತೆ ಬಚ್ಚಿಟ್ಟಿರಬೇಕು. ಅವರಿಗೆ ಏನಾಗಿದೆಯೋ, ಮಗನಿಗೆ ಬೆನ್ನು ಹಾಕಿ ಕೂತವರು ತಿರುಗಿಯೇ ಇಲ್ಲ. ಕೇಳಿದರೆ, “ನನ್ನನ್ನ ಕೇಳ್ಬೇಡ. ನಿನಗೆ ಕಾಣೋದೇ ನನಗೂ ಕಾಣ್ತಿದೆ,” ಎನ್ನುತ್ತಾರೆ.

ಅವನ ಮೈ ಇನ್ನೂ ಸರಿಯಾಗಿಲ್ಲ. ಎಷ್ಟು ಕುಡಿದರೂ ಬಾಯಾರಿಕೆ. ಬಟ್ಟಲನ್ನು ತುಟಿಗಿಟ್ಟು ಗಟಗಟ ಕುಡಿಯುತ್ತಾನೆ, ಕೆಳಗಿಟ್ಟರೆ ಬಟ್ಟಲು ತುಂಬಿಯೇ ಇರುತ್ತದೆ. “ಬಿಸಿ ಇಲ್ಲ, ಇಲ್ನೆ ಅಮ್ಮಾ. ಬಾಯಾರಿದೆ,” ಎನ್ನುತ್ತಾನೆ. ನಾನು ಮತ್ತೆ ಕಾಯಿಸಿ ಕೊಡುತ್ತೇನೆ. ಕೆಟಲು ಒಲೆಯಿಂದ ಇಳಿದೇ ಇಲ್ಲ.

ಗೊಂಬೆ ಬೇಡ ಎಂದಿದ್ದೆಯಲ್ಲ, ನೀನೇ ಗೆದ್ದೆ. ನಾನು ಬೈದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಹಾದ್ನೆ


೧೬ ಫೆಬ್ರವರಿ ೧೯೮೪, ಪಟ್ಟಣದಿಂದ

ಅಕ್ಕಾ,

ನನ್ನ ಪತ್ರಗಳು ನಿನಗೆ ಇನ್ನೂ ಸಿಕ್ಕಿಲ್ಲ. ನಿನ್ನ ಪತ್ರ ಓದಿ, ಕೋಟನ್ನೂ ಹಾಕಿಕೊಳ್ಳದೆ ತಣ್ಣನೆಯ ಕೊಠಡಿಗೆ ಓಡಿದೆ. ಭಾವ ಅಲ್ಲೇ ಇದ್ದಾರೆ. ಮುಖದ ಬಟ್ಟೆ ಸರಿಸಿ ನೋಡಿದೆ. ಅವರೇ.

ನಿನ್ನ ಒಲೆಯ ಮುಂದೆ ಕೂತಿರುವವರು ಯಾರು?

ಹೆದರಿಸಲು ಬರೆಯುತ್ತಿಲ್ಲ. ಇಲ್ನೆಯನ್ನು ನಿನ್ನ ಪಕ್ಕದಲ್ಲೇ ಮಲಗಿಸಿಕೊ. ಅತ್ತೆ ಹೇಳಿದಂತೆ ಕೇಳು. ಈ ಪತ್ರ ತರುವ ಬಂಡಿಯವನೇ ದಾರಿಯಲ್ಲಿ ಟಪಾಲು ಇಳಿಸುವ ಅಂಗಡಿಯಲ್ಲಿ ಸಿಕ್ಕಿಕೊಂಡಿರುವ ನನ್ನ ಹಳೆಯ ಪತ್ರಗಳನ್ನೂ ಎತ್ತಿಕೊಂಡು ಬರುತ್ತಾನೆ. ಎಲ್ಲವನ್ನೂ ಓದು.

ಎದೇನೆ


೨೮ ಫೆಬ್ರವರಿ ೧೯೮೪, ಬಯಲಿನಿಂದ

ಎದೇನೆ,

ನಿನ್ನ ಪತ್ರಗಳೆಲ್ಲ ಒಂದೇ ಕಟ್ಟಿನಲ್ಲಿ ಬಂದವು. ಒಲೆಯ ಬಳಿ ಕೂತು ಓದಿದೆ. ಅವನು ಎದುರಿಗೇ ಇದ್ದ.

“ಎದೇನೆ ಏನು ಬರ್ದಿದಾಳೆ?”

“ಅಲ್ಲೂ ಚಳಿಯಂತೆ,” ಎಂದೆ.

ಎರಡನ್ನೂ ತೆಗೆದರು ಎಂದು ಬರೆದಿದ್ದೀಯಲ್ಲ, ಆ ಸಾಲಿನಿಂದ ಕಣ್ಣೆತ್ತಿ ನೋಡಿದೆ. ಒಲೆಯ ಕಡೆ ಎರಡೂ ಕಾಲು ಚಾಚಿ ಕೂತಿದ್ದ. ಇಲ್ಲಿ ಮುರಿದದ್ದು ಅಲ್ಲಿ ಇಡಿಯಾಗಿರುತ್ತೆ, ಅತ್ತೆ ಹೇಳಿದ್ದು.

ನಾನು ದಡ್ಡಿಯಲ್ಲ. ಸತ್ತವರನ್ನು ಒಯ್ಯುವ ಕಡೆಯಿಂದ ಚರ್ಮ ಎತ್ತಿ ಒಳಗೆ ಬಂದಾಗಲೇ ನನಗೆ ಹೊಳೆದಿತ್ತು. ನಾಯಿಗಳು ಯಾಕೆ ಬೊಗಳಲಿಲ್ಲ ಎಂಬುದೂ ಗೊತ್ತಿತ್ತು. ನೋಡಬಾರದು ಅಂದುಕೊಂಡೆ, ನೋಡಲಿಲ್ಲ. ಹೋದವನು ಬಾಗಿಲು ತಪ್ಪಿ ಬಂದರೂ ಬಂದನಲ್ಲ ಎಂಬ ಆಸೆ.

ಆಮೇಲೆ ನೀನು ಕಳಿಸದೆ ಇಟ್ಟುಕೊಂಡಿದ್ದ ಪತ್ರ ಓದಿದೆ. ಅವನು ಹೇಳಿದ ಆ ಮಾತು ಓದಿದ ಮೇಲೆ ನನಗೆ ಹೆದರಿಕೆಯೇ ಉಳಿಯಲಿಲ್ಲ. ಎದ್ದು ನಿಂತು ಅವನಿಗೆ ಹೇಳಿದೆ: “ಹೊರೆ ಅಂದ್ಯಂತೆ? ಒಲೆ ಹೊತ್ತಿದೀನಿ, ಗುಡಾರದ ಗಳ ಹೊತ್ತಿದೀನಿ, ಹಸಿ ಚರ್ಮ ಹೊತ್ತಿದೀನಿ. ನಿನ್ನ ಮಗಳನ್ನ ಹೊತ್ತು ಹೆತ್ತಿದೀನಿ. ನಿಮ್ಮಮ್ಮನ್ನ ಬಂಡಿಗೆ ಕಟ್ಕೊಂಡು ನದಿ ದಾಟಿಸಿದೀನಿ. ನಿನ್ನೊಬ್ಬನ್ನ ಹೊರೋಕೆ ಆಗ್ತಿರ್ಲಿಲ್ವಾ ನನಗೆ? ಒಂದ್ಮಾತು ಕೇಳಿದ್ಯಾ ನನ್ನ?”

ಅವನು ತನ್ನ ಬೂಟುಗಳನ್ನೇ ನೋಡುತ್ತ ಕೂತಿದ್ದ.

“ಕೇಳ್ಬೇಕಿತ್ತು,” ಎಂದ. ಆಮೇಲೆ, “ಬಾಯಾರಿದೆ, ಇಲ್ನೆ ಅಮ್ಮಾ.”

ನಾನು ಸುಮ್ಮನಿದ್ದಿದ್ದರೆ ಅವನು ಇರುತ್ತಿದ್ದ. ಏನನ್ನೂ ಮುರಿಯದೆ ಇದ್ದರೆ ಅವನಿಗೆ ಹೋಗಲು ಬಂಡಿಯಿಲ್ಲ. ತುಂಬಿದ ಬಟ್ಟಲು ಹಿಡಿದುಕೊಂಡು, ತುಟಿ ಒಣಗಿಸಿಕೊಂಡು, ನಾನು ಸಾಯುವವರೆಗೂ ನನ್ನೆದುರಿಗೆ ಕೂತಿರುತ್ತಿದ್ದ. ಹಾಗೇ ಇಟ್ಟುಕೊಳ್ಳೋಣ ಅನ್ನಿಸಿತು, ನಿನ್ನ ಮುಂದೆ ಸುಳ್ಳು ಹೇಳುವುದಿಲ್ಲ. ಆದರೆ ಅವನು ಇನ್ನೊಮ್ಮೆ ಬಟ್ಟಲು ಎತ್ತಿ ಕುಡಿದು, ತುಂಬಿದ್ದನ್ನೇ ಕೆಳಗಿಟ್ಟು, ನನ್ನನ್ನು ನೋಡಿದ. ನೋಡಲಾಗಲಿಲ್ಲ.

ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು ಒಲೆಯ ಅಂಚಿಗೆ ಕುಕ್ಕಿದೆ. ಬಾಯಿಂದ ಬುಡದವರೆಗೆ ಸೀಳಿತು. ಆ ಸೀಳು ಬಟ್ಟಲಿಗೇ ಚಹಾ ಸುರಿದು ಕೊಟ್ಟೆ. ನನ್ನ ಕಣ್ಣಿಗೆ ಚಹಾ ಸೋರುತ್ತಿತ್ತು, ನನ್ನ ಬೆರಳು ಸುಟ್ಟಿತು. ಅವನು ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೆ ಕುಡಿದ.

“ಈಗ ಬಿಸಿ ಇದೆ,” ಎಂದ.

ಅತ್ತೆ ಆಗ ಈ ಕಡೆ ತಿರುಗಿದರು. ಮಗನ ಮುಖವನ್ನು ಕಣ್ತುಂಬ ನೋಡಿದರು. “ಇನ್ನೊಂದು ಕೊಡೇ ಅವನಿಗೆ,” ಎಂದರು. “ದಾರಿ ದೂರ ಇದೆ.”

ಇನ್ನೊಂದು ಕೊಟ್ಟೆ. ಕುಡಿದ. ಅತ್ತೆಯೂ ನಾನೂ ಕೊಡಲಿ ತೆಗೆದುಕೊಂಡು ಹೊರಗೆ ಹೋದೆವು. ಅವನ ಬಂಡಿಯ ಅಡಿಪಟ್ಟಿಯನ್ನು ನಾನೇ ಕಡಿದೆ. ಮರ ಮುರಿದ ಸದ್ದಿಗೆ ನಾಯಿಗಳೆಲ್ಲ ಒಮ್ಮೆಗೇ ಎದ್ದು ಬಯಲಿನ ಕಡೆ ಮುಖಮಾಡಿ ಬೊಗಳಿದವು, ಬಹಳ ಹೊತ್ತು. ಹಿಂದೆ ತಿರುಗಿ ನೋಡಬಾರದು ಎಂದು ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಆ ಬಿಳಿ ಹಣೆಯ ಸಾರಂಗ ಹಿಂಡಿನಿಂದ ಸ್ವಲ್ಪ ದೂರದಲ್ಲಿ ಸತ್ತುಬಿದ್ದಿತ್ತು. ಕೊರಳಲ್ಲಿ ಪಟ್ಟಿ ಬಿಗಿದ ಗುರುತಿತ್ತು. ನಾವ್ಯಾರೂ ಅದಕ್ಕೆ ಪಟ್ಟಿ ಕಟ್ಟಿರಲಿಲ್ಲ.

ಒಳಗೆ ಬಂದರೆ ಗೊಂಬೆ ಅವನ ಜಾಗದಲ್ಲಿ ಮಲಗಿತ್ತು. ಪುಟ್ಟ ಬೂಟುಗಳಿಗೆ ಹಿಮ ಮೆತ್ತಿಕೊಂಡಿತ್ತು. ಕೊಡವಿ ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ.

ಕೆಟಲಿಗೂ ತೂತು ಹೊಡೆದೆ. ಬರುವಾಗ ಹೊಸದೊಂದು ತಾ, ಅತ್ತೆಗೆ ಚಹಾ ಇಲ್ಲದೆ ಆಗುವುದಿಲ್ಲ.

ಅವನನ್ನು ಬೇಗ ಕರೆದುಕೊಂಡು ಬಾ. ಇಳಿಸಲು ಗಂಡಸರನ್ನು ಕರೆಯಬೇಡ. ಹೆಲಿಕಾಪ್ಟರಿನಿಂದ ಗುಡಾರದವರೆಗೆ ನಾನೇ ಹೊರುತ್ತೇನೆ.

ನಿನ್ನ ಅಕ್ಕ
ಹಾದ್ನೆ